ಹರಿಗೋಲಿಗೆ ಚುಕ್ಕಾಣಿ ಇಲ್ಲ

ಯಾವ ಪಕ್ಷ ಗೆದ್ದರೂ ನಮ್ಮ ಪತ್ರಿಕೆಗಳಲ್ಲಿ ಅದು ‘ಅಧಿಕಾರದ ಚುಕ್ಕಾಣಿ’ ಹಿಡಿಯುತ್ತೆ. ಐಟಿಯವರಿಗೂ ಇದೇ ಹುಚ್ಚು. ನಾವು ದಿನಾ ಬೈಕೊಂಡೇ ಬಳಸೋ ಕುಬರ್ನೆಟೀಸ್, 2014ರಲ್ಲಿ ಗೂಗಲ್ ಹೊರಗೆ ಬಿಟ್ಟಿದ್ದು, ಗ್ರೀಕಿನಲ್ಲಿ ಚುಕ್ಕಾಣಿ ಹಿಡಿದವನು ಅಂತಲೇ ಅರ್ಥ. ಲಾಂಛನವೂ ಹಡಗಿನ ಚಕ್ರ.

ನಾನು ತುಂಗಭದ್ರೆ ದಂಡೆಯ ಹಳ್ಳಿಯವನು. ಅಲ್ಲಿನ ಹರಿಗೋಲಿಗೆ ಚುಕ್ಕಾಣಿಯೇ ಇಲ್ಲ. ದುಂಡನೆ ಬಿದಿರು ಬುಟ್ಟಿ, ಹಿಂದು ಮುಂದು ಅಂತಿಲ್ಲ. ಅಂಬಿಗ ಹುಟ್ಟಿನಿಂದ ಎದುರಿನ ನೀರನ್ನ ತನ್ನ ಕಡೆಗೆ ಎಳೀತಾನೆ, ಒಮ್ಮೆ ಆ ಮಗ್ಗುಲು, ಒಮ್ಮೆ ಈ ಮಗ್ಗುಲು. ಕೈ ಬಿಟ್ಟರೆ ಬುಟ್ಟಿ ಬುಗುರಿ ಥರ ತಿರುಗುತ್ತೆ. ಸೆಳವು ಜೋರಿದ್ದರೆ ಮೊದಲು ದಂಡೆಗುಂಟ ಮೇಲಕ್ಕೆ ಹೋಗಿ, ಆಮೇಲೆ ಓರೆಯಾಗಿ ದಾಟಿಸ್ತಾನೆ. ಮುಳುಗಿದರೆ ಅವನೂ ಮುಳುಗ್ತಾನೆ.

ಇದನ್ನು ಕಂಡವರಿಗೆ ಪುರಂದರದಾಸರ ‘ಅಂಬಿಗ ನಾ ನಿನ್ನ ನಂಬಿದೆ’ ಬೇರೆ ಥರ ಕೇಳಿಸುತ್ತೆ. ದಾಸರು ಹತ್ತಿಸಿಕೊಂಡಿದ್ದು ಹಡಗನ್ನಲ್ಲ, ಹರಿಗೋಲನ್ನ. ಆದರೆ ಹಾಡುವವರು ಅದನ್ನ ಜೋಗುಳ ಮಾಡಿಬಿಟ್ಟಿದ್ದಾರೆ. ಹುಣಸಮಾರನಹಳ್ಳಿಯಿಂದ ಹೆಬ್ಬಾಳದವರೆಗೆ ಟ್ರಾಫಿಕ್ಕಲ್ಲಿ ಕಿವಿಗೆ ಹಾಕ್ಕೊಂಡರೆ ನಿದ್ದೆ ಬರುತ್ತೆ. ನನ್ನ ತಕರಾರು ಅದೇ. ಇದು ಭಯದ ಹಾಡು ಸ್ವಾಮಿ! ಹರಿಗೋಲು ತುಂಬಿದೆ, ಒಂಬತ್ತು ತೂತಿದೆ, ಹೊಳೆ ಭರದಲ್ಲಿದೆ, ಸುಳಿ ಸೆಳೀತಿದೆ. ‘ನಂಬಿದೆ’ ಅಂದವನು ಕಣ್ಣು ಮುಚ್ಚಿ ಕೂತಿಲ್ಲ; ಚರಣ ಚರಣಕ್ಕೂ ಅಪಾಯ ತೋರಿಸಿ ‘ನೋಡು’ ಅಂತಿದ್ದಾನೆ. ಅಂಬಿಗ ಮಾತ್ರ ಕೊನೇತನಕ ಉಸಿರೆತ್ತಲ್ಲ. ತೂತುಗಳೆಂದರೆ ದೇಹದ ನವದ್ವಾರ, ಅಂಬಿಗನೆಂದರೆ ವಿಠಲ ಅಂತ ವ್ಯಾಖ್ಯಾನ ಮುಗಿಸೋರಿದ್ದಾರೆ. ತಪ್ಪೇನಲ್ಲ, ಆದ್ರೆ ಅಷ್ಟಕ್ಕೇ ಹೊಳೆ ಬತ್ತಿಹೋಗುತ್ತೆ. ಇವತ್ತು ಚುಕ್ಕಾಣಿ ಹಿಡಿದವರಿಗೆ ಮೀಟಿಂಗಲ್ಲಿ ಒಂದು ತೂತು ತೋರಿಸಿ ನೋಡಿ, ‘ನೆಗೆಟಿವ್ ಮನುಷ್ಯ’ ಅಂತಾರೆ. ದಾಸರ ಪ್ರಕಾರ ಅದು ನಂಬಿಕೆಯ ಭಾಗ.

ಅಂಬಿಗನ ಬಾಯಿಂದಲೇ ಕೇಳಬೇಕಂದ್ರೆ 12ನೇ ಶತಮಾನಕ್ಕೆ ಹೋಗಬೇಕು. ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಅಂಬಿಗರ ಚೌಡಯ್ಯನ ಅಂಕಿತ ಅವನದೇ ಹೆಸರು, ಕಸುಬಿನ ಸಮೇತ. ಹೇಳಿದ ಮಾತಿಗೆ ತಾನೇ ಜವಾಬ್ದಾರ. ಕೆಲವು ವಚನ ಬರೀ ಬೈಗುಳಕ್ಕೆ ನಿಂತುಬಿಡುತ್ತವೆ, ಒಪ್ತೀನಿ. ಕಾವ್ಯವಾಗಿ ದಾಸರ ಹಾಡೇ ಮೇಲು. ಆದರೂ ಎರಡನ್ನೂ ಒಟ್ಟಿಗೆ ಓದಿ.

ಗಾಯಕರಿಗೆ ಒಂದೇ ಕೋರಿಕೆ: ಸುಳಿಯ ಚರಣ ಬಂದಾಗಲಾದರೂ ಆಲಾಪ ಕಮ್ಮಿ ಮಾಡಿ. ಮುಳುಗೋ ಮನುಷ್ಯನಿಗೆ ಅಷ್ಟು ಪುರುಸೊತ್ತಿರಲ್ಲ.