ಐತಿಹಾಸಿಕ ಕಾದಂಬರಿಯೂ ಶಾಸನದ ಮೌನವೂ

ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಗ್ರಂಥಗಳನ್ನು ಕನ್ನಡಿಸಿದಂದಿನಿಂದಲೂ, ಗಳಗನಾಥರು ‘ಮಾಧವ ಕರುಣಾವಿಲಾಸ’ವನ್ನು ಬರೆದ ಮೇಲೆ ಇನ್ನೂ ಅಧಿಕವಾಗಿಯೂ, ಐತಿಹಾಸಿಕ ಕಾದಂಬರಿಯು ಕನ್ನಡಿಗರ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಓದುವ ಪುಸ್ತಕವಾಗಿದೆ. ಪಾಠಪುಸ್ತಕದ ಚರಿತ್ರೆಯು ಪರೀಕ್ಷೆ ಮುಗಿದೊಡನೆ ಮರೆತುಹೋಗುವುದು. ಕಾದಂಬರಿಯಲ್ಲಿ ಓದಿದುದು ಮುದಿತನದವರೆಗೂ ನಿಲ್ಲುವುದು. ಆದುದರಿಂದ ಗತಿಸಿದವರ ಕೀರ್ತಿಯೂ ಅಪಕೀರ್ತಿಯೂ ಬಹುಮಟ್ಟಿಗೆ ಕಾದಂಬರಿಕಾರನ ಕೈಯಲ್ಲಿವೆ. ಅವರಾದರೋ ಎದ್ದು ಬಂದು ಉತ್ತರ ಕೊಡಲಾರರು.

ಕಥೆಯನ್ನು ತಿದ್ದುವ ಅಧಿಕಾರವು ಕವಿಗುಂಟೆಂದು ಆಲಂಕಾರಿಕರು ಒಪ್ಪಿರುವರು. ರಸಕ್ಕೆ ಹೊಂದದ ಇತಿವೃತ್ತಭಾಗವನ್ನು ಬಿಟ್ಟು ಬೇರೊಂದನ್ನು ಕಲ್ಪಿಸಿಕೊಳ್ಳಬಹುದೆಂಬುದು ಆನಂದವರ್ಧನನ ಮತ. ಮಹಾಭಾರತದಲ್ಲಿಲ್ಲದ ದೂರ್ವಾಸಶಾಪವನ್ನು ಕಾಳಿದಾಸನು ತಂದು ದುಷ್ಯಂತನ ಮಾನವನ್ನುಳಿಸಿದುದು ಎಲ್ಲರೂ ಬಲ್ಲ ದೃಷ್ಟಾಂತ. ಇದನ್ನೇ ಮುಂದೊಡ್ಡಿ, ಐತಿಹಾಸಿಕ ಕಾದಂಬರಿಯಲ್ಲಿ ಏನನ್ನು ಬರೆದರೂ ಸಲ್ಲುವುದೆಂದು ವಾದಿಸುವವರುಂಟು. ಆದರೆ ದುಷ್ಯಂತನು ಕೆತ್ತಿಸಿದ ಶಾಸನವೊಂದೂ ದೊರೆತಿಲ್ಲ. ಹೊಯ್ಸಳರ ಶಾಸನಗಳಾದರೋ ಊರೂರಿಗೆ ನಿಂತಿವೆ. ಅವು ನುಡಿದಲ್ಲಿ ಕಾದಂಬರಿಕಾರನು ಬದ್ಧನು, ಸುಮ್ಮನಾದಲ್ಲಿ ಸ್ವತಂತ್ರನು.

ಕೆ. ವಿ. ಅಯ್ಯರವರ ‘ಶಾಂತಲಾ’ ಕಾದಂಬರಿಯ ನಾಯಿಕೆಯನ್ನೇ ನೋಡಬಹುದು. ವಿಷ್ಣುವರ್ಧನನ ಪಟ್ಟದರಸಿಯಾದ ಈಕೆಯು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದುದೂ, 1131ರಲ್ಲಿ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟುದೂ, ಆ ಬಳಿಕ ತಾಯಿ ಮಾಚಿಕಬ್ಬೆಯು ಬೆಳಗೊಳದಲ್ಲಿ ಸಲ್ಲೇಖನವನ್ನು ಕೈಕೊಂಡುದೂ ಶಾಸನಸಿದ್ಧ. ಮಗಳ ಮರಣವು ಹೇಗಾಯಿತೆಂಬುದನ್ನು ಮಾತ್ರ ಕಲ್ಲು ಹೇಳದು. ಬೆಟ್ಟದ ತುದಿಯಿಂದ ಹಾರಿದಳೆಂಬುದು ಜನರ ಬಾಯ ಮಾತು. ಈ ಮೌನವೇ ಕಾದಂಬರಿಯ ಕ್ಷೇತ್ರ. ಅಲ್ಲಿ ಎಷ್ಟು ಉತ್ತರೂ ತಪ್ಪಿಲ್ಲ. ಶಿವಗಂಗೆಗೆ ಹೋದವರು ಬಂಡೆಯ ಅಂಚನ್ನು ತೋರಿಸಿ ಚರಿತ್ರೆಯೆಂದು ಮಕ್ಕಳಿಗೆ ಹೇಳುವುದಾದರೆ ಅದು ಓದುಗರ ದೋಷ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ (1956) ಪ್ರಶ್ನೆಯು ಇದಕ್ಕಿಂತ ಕಠಿನವಾದುದು. ಇಲ್ಲಿ ಸಾಕ್ಷ್ಯಕ್ಕೆ ಕೊರತೆಯಿಲ್ಲ. ಆ ಸಾಕ್ಷ್ಯವು ಯಾರದೆಂಬುದೇ ತೊಡಕು. 1834ರಲ್ಲಿ ಕೊಡಗನ್ನು ಸೇರಿಸಿಕೊಂಡ ಆಂಗ್ಲರು ಅರಸನ ಕ್ರೌರ್ಯವನ್ನೇ ಅದಕ್ಕೆ ಕಾರಣವಾಗಿ ಸಾರಿದರು. ಗೆದ್ದವನು ಸೋತವನ ವಿಷಯದಲ್ಲಿ ಬರೆದಿಟ್ಟುದನ್ನು ಎಷ್ಟರಮಟ್ಟಿಗೆ ನಂಬಬೇಕು? ದೊರೆಯು ಕಾಶಿಯಲ್ಲಿ ಸೆರೆಯಂತಿದ್ದು, 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋಗಿ, ತನ್ನ ಹಣಕ್ಕಾಗಿ ಅಲ್ಲಿನ ನ್ಯಾಯಸ್ಥಾನದಲ್ಲಿ ವ್ಯಾಜ್ಯ ಹೂಡಿ, 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಹೀಗೆ ನ್ಯಾಯ ಬೇಡುತ್ತ ಸತ್ತವನನ್ನು ಕುಡುಕನೂ ವಿಷಯಲಂಪಟನೂ ಆಗಿ ಚಿತ್ರಿಸಲು ಹೊರಟ ಲೇಖಕನು ದೊಡ್ಡ ಹೊಣೆಯನ್ನು ಹೊತ್ತಂತೆಯೇ ಸರಿ. ಮಾಸ್ತಿಯವರು ಅದನ್ನು ಹಗುರವಾಗಿ ಹೊತ್ತವರಲ್ಲ. ರಾಣಿ ಗೌರಮ್ಮನ ಸಹನೆ, ನಾಡಿಗೂ ಒಡೆಯನಿಗೂ ನಡುವೆ ಸಿಕ್ಕಿದ ಬೋಪಣ್ಣನ ಇಕ್ಕಟ್ಟು, ಕುಂಟ ಬಸವನ ವಿಪರೀತ ನಿಷ್ಠೆ, ಇವುಗಳ ಮಧ್ಯದಲ್ಲಿ ಅರಸನು ತಾನೇ ತೋಡಿದ ಹಳ್ಳಕ್ಕೆ ಬೀಳುವುದನ್ನು ಕಂಡಾಗ ಓದುಗನಿಗೆ ಹೇವರಿಕೆಗಿಂತ ಕನಿಕರವೇ ಮಿಗುವುದು. ಮನೆಯ ಹಿರಿಯರು ಜಗಲಿಯಲ್ಲಿ ಕುಳಿತು ಹೇಳುವಂತಹ ಆ ಗದ್ಯವು ಯಾರ ಮೇಲೆಯೂ ಕೂಗಾಡದು. ಆದರೂ ದೊರೆಯ ಪಕ್ಷದ ಮಾತು ಇನ್ನೊಂದಿಷ್ಟು ಕೇಳಿಬರಬೇಕಾಗಿತ್ತೆಂಬ ಕೊರತೆಯು ಉಳಿಯುವುದು.

ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ದ (1982) ಕೊನೆಯು ಹೆಸರಿನಲ್ಲಿಯೇ ತಿಳಿದುಹೋಗುವುದು, 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಹಿಡಿದುದನ್ನು ಅರಿಯದವರಾರು? ಅರಿತೂ ಮದಕರಿನಾಯಕನ ಪತನಕ್ಕೆ ಓದುಗನು ಮರುಗುವುದೇ ಅದರ ಸಿದ್ಧಿ. ವರ್ಣನೆಯು ಅಲ್ಲಲ್ಲಿ ಸಾಮಗಾನದಂತೆ ಎಳೆಯುವುದುಂಟು, ಅದನ್ನು ಕ್ಷಮಿಸಬಹುದು.

ಹೊಸದಾಗಿ ಬಂದವುಗಳಲ್ಲಿ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಗಮನಾರ್ಹವಾದುದು. ಲಿಸ್ಬನ್ನಿನ ತೇಜೋ ನದಿಯ ದಡದಿಂದ ಗೋವೆಯ ಮೇಲೆ ವಿಜಯನಗರದವರೆಗೆ ಕಥೆಯು ಹರಿಯುವುದು. 1497ರಲ್ಲಿ ಯೆಹೂದ್ಯರನ್ನು ಬಲವಂತವಾಗಿ ಮತಾಂತರಿಸಿದ, 1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರ ಕಾಲವದು. ಕೃಷ್ಣದೇವರಾಯನ ಆಸ್ಥಾನವನ್ನು ಹೊಗಳುವ ಸುಲಭಮಾರ್ಗವನ್ನು ಬಿಟ್ಟು, ಗೇಬ್ರಿಯಲ್, ಬೆಲ್ಲಾ, ಹಂಪಮ್ಮ, ಕೇಶವ ಮೊದಲಾದ ಸಾಮಾನ್ಯರನ್ನು ಮುಂದೆ ತಂದಿರುವುದು ಸಾಹಸ. ಸಾಮಾನ್ಯರ ಕಣ್ಣೀರನ್ನು ಕುರಿತು ಪ್ರಶಸ್ತಿಶಾಸನಗಳು ಮೌನವಾದುದರಿಂದ ಕಲ್ಪನೆಗೆ ಎಡೆ ವಿಸ್ತಾರವಾಗಿದೆ. ಸಹಗಮನ, ಲೆಂಕವಾಳಿಗಳ ಭಾಗವು ಎದೆ ನಡುಗಿಸುವುದು. ಬೀಭತ್ಸವು ಮಾತ್ರ ಹಲವೆಡೆ ಕರುಣವನ್ನು ನುಂಗಿಬಿಡುವುದು. ಕೆಲವು ಪಾತ್ರಗಳ ಆಲೋಚನೆಯೂ ಇಂದಿನವರದೆಂಬಂತೆ ತೋರುವುದು.

ಕಾಲದ ಔಚಿತ್ಯವು ಅಡಿಗೆಮನೆಯಲ್ಲಿಯೂ ಬೇಕು. ಮೆಣಸಿನಕಾಯಿಯು ಅಮೆರಿಕದಿಂದ ಪೋರ್ಚುಗೀಸರ ಹಡಗುಗಳ ಮೂಲಕ ಈ ದೇಶಕ್ಕೆ ಬಂದುದು. ಅದಕ್ಕೆ ಮುಂಚೆ ಖಾರಕ್ಕೆ ಕರಿಮೆಣಸೇ ಗತಿ. ಹೊಯ್ಸಳರ ಅರಮನೆಯಲ್ಲಿ ಹಸಿಮೆಣಸಿನಕಾಯಿಯ ಚಟ್ನಿಯನ್ನು ಬಡಿಸುವ ಲೇಖಕನ ಯುದ್ಧವರ್ಣನೆಯನ್ನು ಯಾರು ತಾನೆ ನಂಬಿಯಾರು?

ಪ್ರಕಾಶಕರು ಇಂತಹ ಪ್ರತಿಯೊಂದು ಗ್ರಂಥದ ಕೊನೆಗೂ ಎರಡು ಪುಟಗಳನ್ನು ಸೇರಿಸಿ, ಶಾಸನದಿಂದ ಬಂದುದಾವುದು, ಐತಿಹ್ಯದಿಂದ ಬಂದುದಾವುದು, ಲೇಖಕನ ಕಲ್ಪನೆಯಾವುದು ಎಂಬುದನ್ನು ಅಚ್ಚು ಹಾಕಿಸಿದರೆ ಕಥೆಯ ಸ್ವಾರಸ್ಯಕ್ಕೆ ಕುಂದಿಲ್ಲ. ಬೆಲೆಯು ನಾಲ್ಕಾರು ರೂಪಾಯಿ ಏರಿದರೂ ಮನೆಯವರು ಕೊಂಡಾರು.