ವೀರಗಲ್ಲಿನಲ್ಲಿ ಸ್ವರ್ಗ ಮಾತ್ರ ಓದಿದರೆ ಸಾಕೇ?

ವೀರಗಲ್ಲು ಅಂದ ಕೂಡಲೇ ನಾವೆಲ್ಲ ಒಂದು ಸಿದ್ಧ ಪಾಠ ಒಪ್ಪಿಸುತ್ತೇವೆ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ‘ಸತ್ತವನು ಸ್ವರ್ಗಕ್ಕೆ ಹೋದ, ಅಂದಿನ ನಂಬಿಕೆ ಇಷ್ಟೇ’ ಅಂತ ಮುಗಿಸ್ತೇವೆ. ನಾನೂ ಬಹಳ ದಿನ ಹಾಗೇ ಓದಿದವನು. ಓದು ಸುಳ್ಳಲ್ಲ, ಸುರಲೋಕಕ್ಕೆ ಸಂದನೆಂದು ಎಷ್ಟೋ ಶಾಸನಗಳೇ ಹೇಳುತ್ತವೆ. ಆದರೆ ಅದು ಅರ್ಧ ಓದು.

ಆತಕೂರಿನ ಕಲ್ಲು ನೋಡಿ (ಕ್ರಿ.ಶ. 949-50). ಮಣಲೇರ ತನ್ನ ಒಡೆಯನಿಂದ ಬೇಡಿ ಪಡೆದ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಡನೆ ಕಾದಿ ಸತ್ತಿತು. ಕಲ್ಲಿನ ಮೇಲಿರೋದು ನಾಯಿ-ಹಂದಿ ಕಾಳಗ. ಅಪ್ಸರೆ ಇಲ್ಲ, ವಿಮಾನ ಇಲ್ಲ. ಆದರೆ ಬರಹದಲ್ಲಿ ಎರಡು ಖಂಡುಗ ಮಣ್ಣಿನ ದತ್ತಿ ಇದೆ. ಆ ಮಣ್ಣನ್ನು ಉಣ್ಣುವ ಗೊರವ ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ! ಇಲ್ಲಿ ಸತ್ತದ್ದು ಎಲ್ಲಿಗೆ ಹೋಯಿತು ಅನ್ನೋದಕ್ಕಿಂತ, ಇದ್ದವರು ಅದಕ್ಕೆ ದಿನಾ ಏನು ಮಾಡಬೇಕು ಅನ್ನೋದೇ ಮುಖ್ಯ.

ಬೇಗೂರಿನ ಕಲ್ಲೂ ಹಾಗೇ. ನಾಗತ್ತರ ತುಂಬೆಪಾಡಿಯಲ್ಲಿ ಕಾದಿ ಸತ್ತ. ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಒಂದೊಂದೇ ಹಳ್ಳಿಯ ಹೆಸರು ಹೇಳಿ ಕಲ್ನಾಡಾಗಿ ಕೊಟ್ಟ. ಕಲ್ಲು ಅಂದರೆ ಹಕ್ಕುಪತ್ರವೂ ಹೌದು.

ಈಜಿಪ್ಟಿನ ಓದಿನಲ್ಲೂ ಇದೇ ಆಗಿದೆ. 1842ರಲ್ಲಿ ಲೆಪ್ಸಿಯಸ್ ಗೋರಿಯ ಸುರುಳಿಯೊಂದನ್ನು ‘ಸತ್ತವರ ಪುಸ್ತಕ’ ಎಂದು ಕರೆದು ಪ್ರಕಟಿಸಿದ. ಆ ಜನ ಅದಕ್ಕಿಟ್ಟ ಹೆಸರು ‘ಹಗಲಿಗೆ ಹೊರಬರುವುದು’ ಎಂಬರ್ಥದ್ದು. ಹೊರಗಿನವರ ಹೆಸರೇ ಲೋಕಕ್ಕೆಲ್ಲ ಅಂಟಿತು. ಅಲ್ಲೂ ಗೋರಿಯ ಪೂಜಾರಿಗಳಿಗೆ ಜಮೀನು ಬಿಟ್ಟು, ಸತ್ತವನಿಗೆ ರೊಟ್ಟಿ-ಬಿಯರ್ ಎಡೆ ನಡೆಯುವಂತೆ ಕಟ್ಟು ಮಾಡುತ್ತಿದ್ದರು.

ನಮ್ಮಲ್ಲಿ ರೈಸ್, ಫ್ಲೀಟ್ ಪಾಠ ಒದಗಿಸಿದರು. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಆ ಪಾಠದೊಳಗಿನ ಬದುಕನ್ನು ತೋರಿಸಿತು. ನಾವು ಮತ್ತೆ ಬರೀ ಚಿತ್ರಕ್ಕೆ ಮರಳಿದ್ದೇವೆ.

ಸಾವಳಗಿ ಸುತ್ತ ಗುಡಿ ಮುಂದಿನ ಹಳೇ ಕಲ್ಲಿಗೆ ಜನ ಎಣ್ಣಿ ಹಚ್ಚಿ ಕೈ ಮುಗೀತಾರ. ಅದನ್ನ ಮೂಢನಂಬಿಕೆ ಅನ್ನೋಕೂ ಮುಂಚೆ ಆತಕೂರಿನ ಗೊರವನನ್ನು ನೆನೆಯಿರಿ. ಫೋಟೋ ತೆಗೆಯುವಾಗ ಅಪ್ಸರೆಯರಷ್ಟೇ ಸಾಲದು. ಪಟ್ಟಿಕೆಗಳ ನಡುವಿನ ಅಕ್ಷರದ ಸಾಲೂ ಬರಲಿ. ಬಣ್ಣ, ಸಿಮೆಂಟು ಬಿದ್ದರೆ ಮೊದಲು ಅಳಿಯೋದು ಅದೇ.