ಪ್ರತಿಧ್ವನಿಯನ್ನು 'ಫೋಟೊ' ಎಂದು ಕರೆದರೆ

ಗರ್ಭಿಣಿಯರ ಸ್ಕ್ಯಾನಿಂಗ್ ಕುರಿತು ಕನ್ನಡದಲ್ಲಿ ಬರುವ ಜನಪ್ರಿಯ ಲೇಖನಗಳನ್ನು ನೀವು ಓದಿರುತ್ತೀರಿ. ಅವುಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ: ಯಂತ್ರದಿಂದ 'ಕಿರಣ' ಹೊರಡುತ್ತದೆ, ತೆರೆಯ ಮೇಲೆ ಮಗುವಿನ 'ಫೋಟೊ' ಮೂಡುತ್ತದೆ. ಮೊದಲನೆಯದು ಭೌತವಿಜ್ಞಾನದ ತಪ್ಪು. ಇಲ್ಲಿ ಕೆಲಸ ಮಾಡುವುದು ಶ್ರವಣಾತೀತ ಶಬ್ದ, ಎಕ್ಸ್-ಕಿರಣವಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ಕ್ಲಬ್ ಫುಟ್, ಅಂದರೆ ಹುಟ್ಟಿನಿಂದಲೇ ಒಳಮುಖವಾಗಿ ತಿರುಚಿಕೊಂಡಿರುವ ಪಾದದ ವಿಷಯದಲ್ಲಂತೂ ಅದರಿಂದ ನಿಜವಾದ ಹಾನಿಯಿದೆ.

ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್ ಕಿರು ಶಬ್ದಸ್ಪಂದಗಳನ್ನು ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಯಂತ್ರ ಭಾವಿಸಿಕೊಂಡಿರುತ್ತದೆ. 10 ಸೆಂಟಿಮೀಟರ್ ಆಳದಿಂದ ಪ್ರತಿಧ್ವನಿ ಮರಳಲು ಸುಮಾರು 130 ಮೈಕ್ರೊಸೆಕೆಂಡು ಬೇಕು. ಈ ಕಾಲವನ್ನು ದೂರವಾಗಿ ಪರಿವರ್ತಿಸಿದಾಗ ಸಿಗುವುದು ಒಂದು ತೆಳು ಸೀಳಿನ ನಕ್ಷೆ. 3.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ತರಂಗಾಂತರ 0.44 ಮಿಲಿಮೀಟರ್, 20ನೆಯ ವಾರದಲ್ಲಿ ಪಾದದ ಉದ್ದ ಸುಮಾರು 3 ಸೆಂಟಿಮೀಟರ್. ಹಾಗಾಗಿ ಇಲ್ಲಿನ ತೊಡಕು ಸೂಕ್ಷ್ಮತೆಯದ್ದಲ್ಲ, ಸೀಳಿನ ಕೋನದ್ದು. ಸೌತೆಕಾಯಿಯನ್ನು ನೇರ ಅಡ್ಡ ಕೊಯ್ದರೆ ವೃತ್ತ, ಓರೆಯಾಗಿ ಕೊಯ್ದರೆ ದೀರ್ಘವೃತ್ತ. ಕಾಯಿ ಒಂದೇ.

ಕ್ಲಬ್ ಫುಟ್‌ನ ಲಕ್ಷಣವೂ ಕೋನದ ಮಾತೇ. ಮೊಣಕಾಲಿನ ಕೆಳಗಿನ ಎರಡು ಎಲುಬುಗಳು ಉದ್ದಕ್ಕೆ ಕಾಣುವ ಸೀಳಿನಲ್ಲೇ ಅಂಗಾಲೂ ಪೂರ್ತಿ ಕಂಡರೆ ಸಂಶಯಪಡಬೇಕು. ಆದರೆ ಆರೋಗ್ಯವಂತ ಭ್ರೂಣವೂ ಪಾದವನ್ನು ಕ್ಷಣಕಾಲ ಹಾಗೆ ತಿರುಗಿಸಬಲ್ಲದು. ಗರ್ಭದ ನೀರು ಕಡಿಮೆಯಿದ್ದರೆ ಒತ್ತಡಕ್ಕೂ ಪಾದ ವಾಲುತ್ತದೆ. ಮಗು ಅಲುಗಾಡಿದ ಮೇಲೂ ಅದೇ ಭಂಗಿ ಉಳಿಯಿತೆ ಎಂದು ನೋಡಲೇಬೇಕು. 'ಫೋಟೊ' ಎಂಬ ಪದದಲ್ಲಿ ಈ ಕಾಯುವಿಕೆಗೆ ಎಡೆಯಿಲ್ಲ.

ಒಂದು ಲೆಕ್ಕ ಮಾಡಿ. ಈ ತೊಂದರೆ ಸಾವಿರ ಜನನಗಳಲ್ಲಿ ಸುಮಾರು ಒಂದಕ್ಕೆ. ಸ್ಕ್ಯಾನ್ ಹತ್ತರಲ್ಲಿ ಎಂಟನ್ನು ಹಿಡಿಯುತ್ತದೆ, ಸರಿಯಿರುವ ಸಾವಿರದಲ್ಲಿ ಒಂದನ್ನು ಮಾತ್ರ ತಪ್ಪಾಗಿ ಎಣಿಸುತ್ತದೆ ಎಂದು ಊಹಿಸೋಣ. ಹತ್ತು ಸಾವಿರ ಗರ್ಭಗಳಲ್ಲಿ 8 ನಿಜ, 10 ಸುಳ್ಳು! ಇಷ್ಟು ನಿಖರವೆನಿಸುವ ಪರೀಕ್ಷೆಯ ಗತಿ ಇದು.

ಈಗ ಚಾರ್ಮಾಡಿಯನ್ನು ನೆನೆಯಿರಿ. ಘಾಟಿಯ ಬುಡದ ಈ ಊರಿನ ಗರ್ಭಿಣಿ ಸ್ಕ್ಯಾನಿಗೆ ಉಜಿರೆಗೋ ಬೆಳ್ತಂಗಡಿಗೋ ಇಳಿಯಬೇಕು. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕೆಂದರೆ ಮಂಗಳೂರು. 'ಪಾದ ಸೊಟ್ಟ' ಎಂಬ ಒಂದು ಸಾಲು ಮನೆ ತಲುಪಿದರೆ ಗ್ರಹಣದ ದಿನ ಹೊರಬಂದದ್ದರ ವಿಚಾರಣೆ ಶುರುವಾಗುತ್ತದೆ. ಸ್ಕ್ಯಾನ್ ನಡೆಯುವುದು 18ರಿಂದ 20ನೆಯ ವಾರದಲ್ಲಿ. 2021ರ ತಿದ್ದುಪಡಿಯ ನಂತರವೂ ಗರ್ಭಪಾತದ ಕಾನೂನು 20 ಮತ್ತು 24 ವಾರಗಳ ಗೆರೆ ಎಳೆದಿದೆ. ಗಾಬರಿಯಲ್ಲಿ ತೀರ್ಮಾನಕ್ಕೆ ಬರಲು ಇಷ್ಟು ಸಾಕು.

ಕೇಳಬೇಕಾದ ಪ್ರಶ್ನೆ ಬೇರೆ: ಬೆನ್ನುಹುರಿ, ಮಿದುಳು, ಹೃದಯ ಸರಿಯಿವೆಯೆ? ಅಲ್ಲೂ ದೋಷವಿದ್ದರೆ ಮಾತು ಗಂಭೀರ. ಪಾದವೊಂದೇ ಆದರೆ ಅಮೆರಿಕದ ಅಯೋವಾದಲ್ಲಿ ಇಗ್ನಾಸಿಯೊ ಪೊನ್ಸೆಟಿ ರೂಪಿಸಿದ ಚಿಕಿತ್ಸೆಯಿದೆ. ವಾರಕ್ಕೊಮ್ಮೆ ಪಾದವನ್ನು ಮೃದುವಾಗಿ ತಿದ್ದಿ ಪ್ಲಾಸ್ಟರ್ ಹಾಕುತ್ತಾರೆ, ಸಾಮಾನ್ಯವಾಗಿ ಐದಾರು ಬಾರಿ; ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಸಣ್ಣ ಕೊಯ್ತವೂ ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್ ಫುಟ್ ಸೇರಿದೆ. ಪ್ಲಾಸ್ಟರ್ ಮುಗಿದ ಮೇಲೆ ಸುಮಾರು ನಾಲ್ಕು ವರ್ಷದವರೆಗೆ ರಾತ್ರಿ ತೊಡಿಸುವ, ಸರಳಿಗೆ ಜೋಡಿಸಿದ ಬೂಟುಗಳನ್ನು ಬಿಟ್ಟರೆ ಪಾದ ಮತ್ತೆ ತಿರುಗಿಕೊಳ್ಳುತ್ತದೆ. ಯಂತ್ರದ ಬೆಲೆಗೆ ಅರ್ಧ ಪುಟ ಕೊಡುವ ನಮ್ಮ ಲೇಖಕರು ಈ ಬೂಟುಗಳಿಗೆ ಒಂದು ಸಾಲನ್ನೂ ಕೊಡುವುದಿಲ್ಲ.